ಊರಿಂದ ದುಡ್ಡು ತರಿಸುವ ಮೊದಲು ಗಿರಾಕಿ ಯಾರದ್ದು ಅಂತ ಕೇಳಿ: ಆಸ್ಟ್ರೇಲಿಯಾದ ಕ್ಲೀನಿಂಗ್, ಮೋಯಿಂಗ್ ಫ್ರಾಂಚೈಸಿ

ಆಸ್ಟ್ರೇಲಿಯಾದಲ್ಲಿರುವ ನಮ್ಮ ಕರಾವಳಿಯವರಿಗೆ ಇದನ್ನು ಬರೀತಾ ಇದ್ದೇನೆ. ನಾನು ಅಲ್ಲಿ ಅಕೌಂಟ್ಸ್ ಕೆಲಸ ಮಾಡಿ ಈಗ ಉಡುಪಿಗೆ ವಾಪಸ್ ಬಂದವನು, ಹಾಗಾಗಿ ಬ್ರಹ್ಮಾವರ, ಕಾರ್ಕಳ, ಸುರತ್ಕಲ್ ಕಡೆಯಿಂದ ಅಪ್ಪ ಅಮ್ಮಂದಿರು ಫೋನಲ್ಲಿ ಅಗ್ರಿಮೆಂಟ್ ತೋರಿಸಿ ಕೇಳ್ತಾರೆ, ಮಗ ಮೆಲ್ಬರ್ನಲ್ಲಿ ಕ್ಲೀನಿಂಗ್ ಫ್ರಾಂಚೈಸಿ ತಗೊಳ್ತಾನಂತೆ, ತೋಟದ ಮೇಲೆ ಸೊಸೈಟಿಯಲ್ಲಿ ಸಾಲ ತೆಗೀಬಹುದಾ ಅಂತ. ಪೇಪರ್ ಪೂರ್ತಿ ಓದದೆ ಬೇಡವೇ ಬೇಡ ಮಾರಾಯ್ರೆ.

ಅಲ್ಲಿ ಹುಲ್ಲು ಕತ್ತರಿಸುದು, ಆಫೀಸ್ ಕ್ಲೀನಿಂಗ್, ಕಾರ್ಪೆಟ್ ತೊಳೆಯುದು, ಬೇಲಿ ಹಾಕುದು, ಎಲ್ಲದಕ್ಕೂ ಫ್ರಾಂಚೈಸಿ ಉಂಟು, ಅಂದ್ರೆ ದೊಡ್ಡ ಕಂಪನಿಯ ಹೆಸರಲ್ಲಿ ನೀವು ವ್ಯಾಪಾರ ಮಾಡಿ ಅದಕ್ಕೆ ಫೀ ಕಟ್ಟುದು. ಅಲ್ಲಿ ಎಲ್ಲರಿಗೂ ಗೊತ್ತಿರುವ ಜಿಮ್ಸ್ ಗ್ರೂಪ್ ಶುರು ಮಾಡಿದ ಜಿಮ್ ಪೆನ್‌ಮನ್ ಮೆಲ್ಬರ್ನಲ್ಲಿ ಇತಿಹಾಸದಲ್ಲಿ ಪಿಎಚ್‌ಡಿ ಮಾಡ್ತಾ ಖರ್ಚಿಗೆ ಹುಲ್ಲು ಕತ್ತರಿಸ್ತಾ ಇದ್ದವರು, 1989ರಲ್ಲಿ ಫ್ರಾಂಚೈಸಿ ಕೊಡ್ಲಿಕ್ಕೆ ಶುರು ಮಾಡಿದ್ರು. ನಮ್ಮಲ್ಲಿ ಉಡುಪಿ ಹೋಟೆಲ್ ಅಂತ ಬೋರ್ಡ್ ಹಾಕಿದವರು ಯಾರಿಗೂ ಪಾಲು ಕೊಡ್ಬೇಕಾಗಿಲ್ಲ, ಅಲ್ಲಿ ಹೆಸರಿಗೇ ದುಡ್ಡು. ಮೊದಲು ಸೇರುವ ಫೀ, ಆಮೇಲೆ ತಿಂಗಳು ತಿಂಗಳು ಫೀ, ಕೆಲವು ಕಡೆ ಒಂದೊಂದು ಗಿರಾಕಿ ಕೊಟ್ಟದ್ದಕ್ಕೂ ಬೇರೆ. ಹೊಸ ಊರಲ್ಲಿ ನಿಮ್ಮ ಪರಿಚಯ ಯಾರಿಗೂ ಇಲ್ಲದಾಗ ಆ ಹೆಸರು ಕೆಲಸ ತಂದು ಕೊಡ್ತದೆ, ಅದು ನಿಜ. ಆದ್ರೆ ನಾಳೆ ನೀವು ಬಿಟ್ಟು ಹೋದ್ರೆ ಆ ಗಿರಾಕಿ ಯಾರಿಗೆ ಉಳೀತಾರೆ? ನಾನು ಪೇಪರಲ್ಲಿ ಮೊದಲು ಹುಡುಕುದು ಇದನ್ನೇ.

ಅದ್ರಲ್ಲೂ ಆಫೀಸ್, ಶಾಲೆ, ಕ್ಲಿನಿಕ್ ಕ್ಲೀನಿಂಗ್ ಅಂದ್ರೆ ತುಂಬ ಜಾಗ್ರತೆ ಬೇಕು. ಮನೆ ಕೆಲಸದಲ್ಲಿ ಹತ್ತಾರು ಗಿರಾಕಿ ಇರ್ತಾರೆ, ಒಬ್ಬರು ಹೋದ್ರೆ ದೊಡ್ಡ ನಷ್ಟ ಇಲ್ಲ, ಕಮರ್ಷಿಯಲ್‌ನಲ್ಲಿ ಎಷ್ಟೋ ಸಲ ಕಾಂಟ್ರ್ಯಾಕ್ಟ್ ಇರುದು ಹೆಡ್ ಆಫೀಸಿನ ಹೆಸರಲ್ಲಿ, ಬಿಲ್ ಕಳಿಸುದೂ ಅವರೇ, ಅಂಥ ಒಂದು ಕಾಂಟ್ರ್ಯಾಕ್ಟ್ ತಪ್ಪಿದ್ರೆ ನಿಮ್ಮ ಅರ್ಧ ಆದಾಯವೇ ಹೋಗ್ಬಹುದು, ಬದಲಿ ಕೊಡ್ತಾರಾ ಇಲ್ವಾ ಅಂತ ಅಗ್ರಿಮೆಂಟಲ್ಲಿ ಬರೆದಿರ್ಬೇಕು, ಬಾಯಿಮಾತು ಲೆಕ್ಕಕ್ಕಿಲ್ಲ.

ಕಾನೂನು ನಿಮ್ಮ ಪರ ಉಂಟು. ಫ್ರಾಂಚೈಸಿಂಗ್ ಕೋಡ್ ಆಫ್ ಕಂಡಕ್ಟ್ ಅಂತ, ಹೊಸ ಕೋಡ್ 2025 ಏಪ್ರಿಲ್ 1ರಿಂದ ಜಾರಿ, ನೋಡಿಕೊಳ್ಳುದು ಎಸಿಸಿಸಿ, ಅಂದ್ರೆ ವ್ಯಾಪಾರದ ಪೈಪೋಟಿ, ಗ್ರಾಹಕರ ಹಕ್ಕು ನೋಡುವ ಅಲ್ಲಿನ ಸರ್ಕಾರಿ ಸಂಸ್ಥೆ. ಸಹಿ ಹಾಕುವ, ವಾಪಸ್ ಬಾರದ ದುಡ್ಡು ಕಟ್ಟುವ ಕಡಿಮೆ ಅಂದ್ರೆ 14 ದಿನ ಮೊದಲೇ ಡಿಸ್‌ಕ್ಲೋಷರ್ ಡಾಕ್ಯುಮೆಂಟ್, ಅಂದ್ರೆ ಆ ಫ್ರಾಂಚೈಸಿಯ ಪೂರ್ತಿ ವಿವರದ ಪತ್ರ, ನಿಮ್ಮ ಕೈಗೆ ಕೊಡ್ಬೇಕು. ಸಹಿ ಆದ್ಮೇಲೂ 14 ದಿನ ಕೂಲಿಂಗ್ ಆಫ್, ಅಷ್ಟರಲ್ಲಿ ಬೇಡ ಅಂತ ಬರೆದು ಕೊಟ್ರೆ ಖರ್ಚು ಹಿಡ್ಕೊಂಡು ಉಳಿದದ್ದು ವಾಪಸ್. ನಿಮಗೆ ಕೆಲಸ ಮಾಡ್ಲಿಕ್ಕೆ ಕೊಡುವ ಜಾಗದ ಬಗ್ಗೆ "ಈ ಏರಿಯಾ ನಾಳೆ ಬೇರೆಯವರಿಗೆ ಹೋಗ್ತದೆ" ಅಂತ ಅವಸರ ಮಾಡಿದ್ರೆ ಬಗ್ಗಬೇಡಿ. ಆ ಡಾಕ್ಯುಮೆಂಟಲ್ಲಿ ಕೋರ್ಟ್ ಕೇಸುಗಳ ವಿವರ ಇರ್ತದೆ, ಬಿಟ್ಟು ಹೋದ ಹಳೆ ಫ್ರಾಂಚೈಸಿಯವರ ವಿವರವೂ ಇರ್ತದೆ, ಅವರಿಗೆ ಫೋನ್ ಮಾಡಿ. ಸೇಲ್ಸ್‌ನವರು ಕೊಡುವ ಸಂತೋಷದಲ್ಲಿರುವ ಫ್ರಾಂಚೈಸಿಯವರ ಪಟ್ಟಿಗಿಂತ ಬಿಟ್ಟವರ ಹತ್ತು ನಿಮಿಷದ ಮಾತು ಜಾಸ್ತಿ ಉಪಯೋಗ.

ಏರಿಯಾ ವಿಷಯ: ಅದು ನಿಮಗೊಬ್ಬರಿಗೇನಾ, ಅದರೊಳಗೆ ಇನ್ನೊಬ್ಬರಿಗೆ ಕೊಡ್ಬಹುದಾ, ಹೆಡ್ ಆಫೀಸ್ ತಾನೇ ಅಲ್ಲಿ ಕೆಲಸ ಹಿಡೀಬಹುದಾ, ಇದೂ ಡಾಕ್ಯುಮೆಂಟಲ್ಲಿ ಇರ್ತದೆ. ಬಿಟ್ಟ ಮೇಲೆ ಇಷ್ಟು ವರ್ಷ ಇಂಥ ಜಾಗದಲ್ಲಿ ಇದೇ ಕೆಲಸ ಮಾಡ್ಬಾರದು ಅಂತ ಕಂಡೀಷನ್ ಇದ್ರೆ ಅದನ್ನು ವಕೀಲರಿಗೆ ತೋರಿಸಿ, ಯಾಕಂದ್ರೆ ಅಲ್ಲಿ ನಿಮಗೆ ಗೊತ್ತಿರುವ ಕೆಲಸ ಅದೊಂದೇ ಆಗಿರ್ಬಹುದು.

ನಮ್ಮವರು ಗೊತ್ತಿಲ್ಲದೆ ಮಾಡುದೊಂದು ಉಂಟು. ಕ್ಲೀನಿಂಗ್ ಮಾಡುವವರೆಲ್ಲ ವಾಟ್ಸಾಪ್ ಗ್ರೂಪ್ ಮಾಡಿ "ಗಂಟೆಗೆ ಇಷ್ಟಕ್ಕಿಂತ ಕಡಿಮೆಗೆ ಯಾರೂ ಹೋಗ್ಬೇಡಿ" ಅಂತ ಮಾತಾಡಿಕೊಳ್ಳುದು. ಊರಲ್ಲಿ ಅದು ಒಗ್ಗಟ್ಟು ಅನ್ನಿಸ್ತದೆ, ಅಲ್ಲಿ ಒಬ್ಬರಿಗೊಬ್ಬರು ಪೈಪೋಟಿ ಇರುವವರು ರೇಟ್ ಫಿಕ್ಸ್ ಮಾಡಿದ್ರೆ ಕಾರ್ಟೆಲ್, ದೊಡ್ಡ ಅಪರಾಧ. ಆದ್ರೆ ಒಂದೇ ಕಂಪನಿಯ ಫ್ರಾಂಚೈಸಿಯವರು ಒಟ್ಟು ಸೇರಿ ಹೆಡ್ ಆಫೀಸ್ ಜೊತೆ ಫೀ ಬಗ್ಗೆ ಚೌಕಾಸಿ ಮಾಡ್ಲಿಕ್ಕೆ 2021 ಜೂನ್‌ನಿಂದ ಅನುಮತಿ ಉಂಟು, ಎಸಿಸಿಸಿಗೆ ಒಂದು ಪುಟದ ನೋಟಿಸ್ ಕೊಟ್ರೆ ಸಾಕು. ಇದನ್ನು ಉಪಯೋಗಿಸಿ.

ಫ್ರಾಂಚೈಸಿ ಇಲ್ಲದೆ ಒಬ್ಬರೇ ಮಾಡ್ತೀರಾದ್ರೆ ಎಬಿಎನ್, ಅಂದ್ರೆ ಅಲ್ಲಿ ವ್ಯಾಪಾರಕ್ಕೆ ಬೇಕಾದ ನಂಬರ್, ಫ್ರೀಯಾಗಿ ಸಿಗ್ತದೆ, ವರ್ಷಕ್ಕೆ 75,000 ಡಾಲರ್ ವಹಿವಾಟು ಆಗುವವರೆಗೆ ಜಿಎಸ್‌ಟಿ ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ. ಇಂಗ್ಲಿಷ್ ಚೆನ್ನಾಗಿ ಬರುವವರು, ಬಿಡಿ ಗಿರಾಕಿ ಹಿಡೀಲಿಕ್ಕೆ ಧೈರ್ಯ ಇರುವವರು ಒಂದು ವರ್ಷ ಹೀಗೆ ಮಾಡಿ ನೋಡುದು ಒಳ್ಳೇದು ಅಂತ ನನ್ನ ಅಭಿಪ್ರಾಯ. ಕಂಪನಿ ಸ್ಪಾನ್ಸರ್ ಮಾಡುವ ಕೆಲಸದ ವೀಸಾ, ಅಂದ್ರೆ 482 ವೀಸಾದಲ್ಲಿ ಇರುವವರು ಸ್ಪಾನ್ಸರ್ ಮಾಡಿದ ಕಂಪನಿ ಬಿಟ್ಟು ಸ್ವಂತ ಕೆಲಸ ಮಾಡುವ ಹಾಗಿಲ್ಲ, ಸ್ಟೂಡೆಂಟ್‌ಗಳಿಗೆ ಕ್ಲಾಸ್ ಇರುವಾಗ ಎರಡು ವಾರಕ್ಕೆ 48 ಗಂಟೆ ಕೆಲಸದ ಮಿತಿ, ಹಾಗಾಗಿ ಫ್ರಾಂಚೈಸಿ ಬಗ್ಗೆ ಮಾತಾಡುವ ಮುಂಚೆಯೇ ವೀಸಾ ಕಂಡೀಷನ್ ತೆಗೆದು ಓದಿ, ಆಮೇಲೆ ಅಪ್ಪನಿಗೆ ಫೋನ್ ಮಾಡಿ.