ಹಿತ್ತಾಳೆ ದೀಪ ಕೆಂಪಾಗುತ್ತಿದ್ದುದು ನಿಂತಿದ್ದು ಹೀಗೆ

ಮೈಸೂರಿನ ನಮ್ಮ ಮನೆಯ ಹಿತ್ತಾಳೆ ದೀಪಗಳು ತೊಳೆದ ಎರಡೇ ದಿನಕ್ಕೆ ಕಪ್ಪು ಚುಕ್ಕೆ ಹಿಡಿಯುತ್ತಿದ್ದವು. ಅಲ್ಲಲ್ಲಿ ತಾಮ್ರದಂಥ ಕೆಂಪು ಬೇರೆ.

ಸ್ಟೀಲ್ ನಾರಿನಲ್ಲಿ ಉಜ್ಜಿದೆ, ಬರೀ ಗೀರು. ಹುಣಸೆ ನೀರಲ್ಲಿ ರಾತ್ರಿಯಿಡೀ ನೆನೆಸಿದೆ, ಕೆಂಪು ಇನ್ನೂ ಜಾಸ್ತಿಯಾಯಿತು. ಹಿತ್ತಾಳೆ ಅಂದರೆ ತಾಮ್ರ, ಸತು ಅಲ್ವಾ? ಹೆಚ್ಚು ಹೊತ್ತು ಹುಳಿಯಲ್ಲಿಟ್ಟರೆ ಸತು ಕರಗಿ ಮೇಲೆ ತಾಮ್ರ ಉಳಿಯುತ್ತದೆ.

ಕೊನೆಗೆ ಕೆಲಸ ಮಾಡಿದ್ದು ಈ ಕ್ರಮ. ಮೊದಲು ಬಿಸಿನೀರು, ಸೋಪಿನಲ್ಲಿ ಎಣ್ಣೆ ಜಿಡ್ಡು ಪೂರ್ತಿ ತೆಗೆಯಬೇಕು. ಜಿಡ್ಡಿದ್ದ ಕಡೆ ಹುಳಿ ತಾಗುವುದೇ ಇಲ್ಲ. ಆಮೇಲೆ 1 ಲೀಟರ್ ನೀರಿಗೆ 1 ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ದೀಪ ನೆನೆಸಿ, 5 ನಿಮಿಷ ಮಾತ್ರ. ಗಡಿಯಾರ ನೋಡಿಕೊಂಡೇ ತೆಗೆಯಿರಿ. ತೊಳೆದು, ಅಡುಗೆ ಸೋಡಾ ಕಲಸಿದ ನೀರಲ್ಲಿ ಅದ್ದಿ, ಮತ್ತೆ ತೊಳೆಯಿರಿ. ತಕ್ಷಣ ಹತ್ತಿಬಟ್ಟೆಯಲ್ಲಿ ಒರೆಸಿ. ಬೋರ್‌ವೆಲ್ ನೀರು ಹಾಗೇ ಒಣಗಿದರೆ ಬಿಳಿ ಕಲೆ ಖಂಡಿತ. ಹಳೇ ಕೆಂಪು ಮಾತ್ರ ಪಾಲಿಶ್ ಹಚ್ಚಿ ಉಜ್ಜಿದ ಮೇಲೇ ಹೋಯಿತು.