ತಿರುವಿ ಹಾಕಿದರೂ ಅದೇ ಚಿತ್ತಾರ: ಶಾಲೆಯಲ್ಲಿ ಕಸೂತಿ ಕಲಿಸುವ ಬಗೆ

ಮೊದಲ ದಿನ ಮಕ್ಕಳ ಕೈಗೆ ಸೂಜಿ ಕೊಡಬೇಡಿ. ಧಾರವಾಡ ಸೀಮೆಯ ಶಾಲೆಯಾದರೆ ಒಬ್ಬಿಬ್ಬರ ಮನೆಯ ಟ್ರಂಕಿನಲ್ಲಿ ಅಜ್ಜಿಯ ಕಾಲದ ಕಸೂತಿ ಸೀರೆಯೋ ಕುಪ್ಪಸವೋ ಕೂಸಿನ ಕುಲಾವಿಯೋ ಸಿಕ್ಕೀತು. ಅದನ್ನು ತರಿಸಿ. ಮೊದಲು ಮೇಲುಮಗ್ಗುಲು ತೋರಿಸಿ, ಆಮೇಲೆ ತಿರುವಿ ಹಾಕಿ, ‘ಇದರಾಗ ಮ್ಯಾಲಿಂದು ಯಾವ್ದು, ಕೆಳಗಿಂದು ಯಾವ್ದು?’ ಎಂದು ಕೇಳಿ. ಮಕ್ಕಳು ಗಂಟು ಹುಡುಕುತ್ತಾರೆ. ಗಂಟು ಸಿಗುವುದಿಲ್ಲ. ಅಲ್ಲಿಂದಲೇ ಪಾಠ ಶುರು.

ಐದು-ಆರನೇ ಇಯತ್ತೆಯಿಂದ ಕಲಿಸಬಹುದು. ಹುಡುಗರನ್ನೂ ಕೂಡಿಸಿ. ಎಣಿಕೆ ಬಂದ ಯಾವ ಮಗುವಿಗೂ ಕಸೂತಿ ಬರುತ್ತದೆ, ಇದರಲ್ಲಿ ಹೆಣ್ಣುಮಕ್ಕಳ ಕೆಲಸ ಎನ್ನುವಂಥದ್ದು ಏನೂ ಇಲ್ಲ. ಒಬ್ಬ ಶಿಕ್ಷಕಿಗೆ ಇಪ್ಪತ್ತು ಮಕ್ಕಳು ಸಾಕು, ಅದಕ್ಕೂ ಹೆಚ್ಚಾದರೆ ಕೈ ನೋಡುವುದು ಆಗುವುದಿಲ್ಲ.

ಎರಡನೆಯ ತರಗತಿ ಚೌಕುಳಿ ಹಾಳೆಯ ಮೇಲೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯೇ ಇಲ್ಲ. ಎಳೆ ಎಣಿಸಿ ಹಾಕುವುದೇ ಅದರ ಜೀವ. ನಾನು ಮೊದಲ ಸಲ ಕಲಿಸಿದಾಗ ಬೇಗ ಆಗಲೆಂದು ಕಾರ್ಬನ್ ಹಾಳೆಯಿಂದ ನಕ್ಷೆ ಇಳಿಸಿಕೊಟ್ಟಿದ್ದೆ. ಮಕ್ಕಳು ಗೆರೆಯ ಹಿಂದೆ ಹೋದರು, ಒಬ್ಬರೂ ಎಳೆ ಎಣಿಸಲಿಲ್ಲ. ಒಂದು ತಿಂಗಳ ಕೆಲಸ ಬಿಚ್ಚಿಸಬೇಕಾಯಿತು. ಆದ್ದರಿಂದ ಹಾಳೆಯ ಮೇಲೆ ಪೆನ್ಸಿಲ್‌ನಿಂದಲೇ ನಿಯಮ ಕಲಿಸಿ: ಪೆನ್ಸಿಲ್ ಎತ್ತಬಾರದು, ಪ್ರತಿ ಗೆರೆಯ ಮೇಲೆ ಎರಡು ಸಲ ಹೋಗಬೇಕು, ಹೊರಟಲ್ಲಿಗೇ ವಾಪಸ್ ಬರಬೇಕು. ನಕ್ಷೆಯನ್ನು ಮಕ್ಕಳೇ ಮಾಡಲಿ. ಯಾರಾದರೂ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ ಬರೆದರೆ ತಡೆಯಬೇಡಿ. ತೇರು, ಆನೆ, ತೊಟ್ಟಿಲು, ತುಳಸಿ ಕಟ್ಟೆ ಹಾಕಿದ ಹೆಂಗಸರೂ ಕಣ್ಣೆದುರು ಕಂಡದ್ದನ್ನೇ ಎಣಿಸಿ ಹಾಕಿದವರು.

ಸಾಮಾನು ಹೆಚ್ಚೇನೂ ಬೇಡ. ದೊಡ್ಡ ರಂಧ್ರದ ಮ್ಯಾಟಿ ಬಟ್ಟೆ, ಮೊಂಡು ತುದಿಯ ಸೂಜಿ, ಕಸೂತಿ ದಾರದ ಲಡಿ. ಹುಬ್ಬಳ್ಳಿಯ ದುರ್ಗದಬೈಲಿನ ಕಡೆಯ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಕೇಳಿ. ಲಡಿಯ ದಾರದಲ್ಲಿ ಆರು ಎಳೆ ಇರುತ್ತವೆ, ಅದರಲ್ಲಿ ಎರಡು ಬಿಡಿಸಿಕೊಂಡರೆ ಸಾಕು. ಉದ್ದ ಒಂದು ಮೊಳ. ಅದಕ್ಕಿಂತ ಉದ್ದ ತೆಗೆದುಕೊಂಡ ದಾರ ಸಿಕ್ಕಾಗಿಯೇ ಆಗುತ್ತದೆ. ಕಪ್ಪು ಬಟ್ಟೆ ಈಗಲೇ ಬೇಡ. ಚಂದ್ರಕಾಳಿ ಸೀರೆಯ ಮೇಲಿನ ಕಸೂತಿಯ ಚೆಲುವೇ ಬೇರೆ, ಆದರೆ ಕರಿ ಎಳೆ ಎಣಿಸಲು ಪಳಗಿದ ಕಣ್ಣು ಬೇಕು. ಸೂಜಿಗಳನ್ನು ಎಣಿಸಿ ಕೊಡಿ, ಎಣಿಸಿ ತಗೊಳ್ಳಿ, ಲೆಕ್ಕ ಕೂಡುವವರೆಗೆ ಯಾರೂ ಏಳುವಂತಿಲ್ಲ.

ಈಗ ಗವಂತಿ, ಕಸೂತಿಯ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಮೊದಲು ಕಲಿಸಬೇಕಾದದ್ದು. ಹೆಸರು ‘ಗಂಟು’ ಎಂಬುದರಿಂದ ಬಂದಿದೆ ಎನ್ನುತ್ತಾರೆ, ಆದರೆ ದಾರಕ್ಕೆ ಗಂಟು ಹಾಕುವಂತಿಲ್ಲ. ಎರಡು ಬೆರಳಗಲ ಬಾಲ ಬಿಟ್ಟು ಶುರು ಮಾಡಿ, ಕೊನೆಗೆ ಅದನ್ನು ಹೊಲಿಗೆಗಳ ಅಡಿಯಲ್ಲಿ ಸೇರಿಸಿದರಾಯಿತು. ಒಂದು ಹೊಲಿಗೆ ಹಿಡಿಯುವ ಜಾಗ ಒಂದು ಮನೆ; ಅಂಥ ಹತ್ತು ಮನೆಯ ನೇರ ಗೆರೆ ಕೊಡಿ. ಒಂದು ಮನೆ ಮೇಲೆ, ಒಂದು ಮನೆ ಕೆಳಗೆ. ಹೋಗುವಾಗ ಒಂದು, ಮೂರು, ಐದು, ಏಳು, ಒಂಬತ್ತನೆಯ ಮನೆಗಳ ಮೇಲೆ ದಾರ ಕಾಣುತ್ತದೆ. ಹತ್ತನೆಯದರ ಕೆಳಗಿಂದ ಸೂಜಿ ಮೇಲೆ ಬಂದು ಹಿಂದಿರುಗುವಾಗ ಹತ್ತು, ಎಂಟು, ಆರು, ನಾಲ್ಕು, ಎರಡು ತುಂಬುತ್ತವೆ. ಮೇಲೂ ಹತ್ತು ಮನೆ ಭರ್ತಿ, ಕೆಳಗೂ ಹತ್ತು. ವಾಪಸ್ ಬರುವಾಗ ಹಳೆಯ ರಂಧ್ರದಲ್ಲೇ ಸೂಜಿ ಹಾಯಬೇಕು, ಮೊದಲಿನ ದಾರವನ್ನು ಸೀಳಬಾರದು.

ಮಕ್ಕಳು ನಿಜವಾಗಿ ಸಿಕ್ಕಿಬೀಳುವುದು ಕವಲು ಬಂದಾಗ. ನೇರ ಗೆರೆಗೆ ಮೂರು ಮನೆಯ ಕೊಂಬೆಯೊಂದು ಕೂಡಿದೆ ಎನ್ನಿ. ಆ ಜಾಗಕ್ಕೆ ಬಂದ ಕೂಡಲೇ ಕೊಂಬೆಗೆ ಹೋಗಿ, ಬಂದು, ಆಮೇಲೆ ಮುಂದೆ ಸಾಗಬೇಕು. ಹೋಗಿಬರುವುದಕ್ಕೆ ಆರು ಹೆಜ್ಜೆ. ಕೊಂಬೆ ಎಷ್ಟೇ ಉದ್ದವಿರಲಿ, ಹೋಗಿಬಂದ ಲೆಕ್ಕ ಸಮಸಂಖ್ಯೆಯೇ ಆಗುತ್ತದೆ. ಆದ್ದರಿಂದ ಸೂಜಿ ಬಟ್ಟೆಯ ಯಾವ ಮಗ್ಗುಲಲ್ಲಿತ್ತೋ ಅದೇ ಮಗ್ಗುಲಿಗೆ ಬಂದು ನಿಲ್ಲುತ್ತದೆ, ಮೇಲೆ-ಕೆಳಗಿನ ಸರದಿ ಕೆಡುವುದಿಲ್ಲ. ಗಣಿತದ ಸರ್ ಅವರನ್ನು ಈ ಒಂದು ತರಗತಿಗೆ ಕರೆಯಿರಿ. ಸಮ-ಬೆಸ ಸಂಖ್ಯೆಗಳನ್ನು ಕೈಯಲ್ಲಿ ಮುಟ್ಟಿ ನೋಡುವ ಇಂಥ ಸಂದರ್ಭ ಬಹಳ ಇಲ್ಲ. ಬರಿ ಹೋಗಿ, ವಾಪಸ್ ಬಾರದೆ ಇನ್ನೊಂದು ಕಡೆ ನೆಗೆದ ಮಗುವಿನ ಬಟ್ಟೆ ತಿರುವಿದರೆ ಉದ್ದನೆಯ ಓರೆ ದಾರ ಕಾಣುತ್ತದೆ. ‘ಅಕ್ಕೋರ, ಮ್ಯಾಲ ಛಲೋ ಬಂದೈತ್ರಿ’ ಎನ್ನುತ್ತಾರೆ. ಬೈಯಬೇಡಿ. ‘ಹೌದವಾ, ತಿರುವಿ ನೋಡು’ ಅನ್ನಿ. ಅಷ್ಟೇ ಸಾಕು, ತಾವೇ ಬಿಚ್ಚುತ್ತಾರೆ.

ಗವಂತಿ ಕೈಗೆ ಹತ್ತಲು ನಾಲ್ಕೈದು ವಾರ ಬಿಡಿ. ಆಮೇಲಿನದು ಸಲೀಸು. ಮುರಗಿ ಅಂದರೆ ಮೆಟ್ಟಿಲು: ಹೋಗುವಾಗ ಅಡ್ಡ ಹೊಲಿಗೆ ಮೇಲೆ, ಉದ್ದ ಹೊಲಿಗೆ ಕೆಳಗೆ, ಬರುವಾಗ ಅದಲುಬದಲು. ಇದೂ ಎರಡೂ ಮಗ್ಗುಲು ಒಂದೇ. ನೇಗಿ ನೇಯ್ಗೆಯ ಹಾಗೆ, ಉದ್ದ-ಗಿಡ್ಡ ಹೊಲಿಗೆಗಳ ಸಾಲು. ಇಲ್ಲಿ ಮೇಲೆ ದಾರ ಇದ್ದಲ್ಲಿ ಕೆಳಗೆ ಖಾಲಿ. ಮೆಂತೆ ಎಂದರೆ ಕತ್ತರಿಯಾಕಾರದ ಹೊಲಿಗೆ, ಆನೆಯ ಮೈ, ಗೋಪುರ ತುಂಬಲು ಬೇಕು. ಅದರ ಹಿಂಭಾಗ ಬೇರೆಯಾಗಿ ಕಾಣುವುದರಿಂದ ಕೊನೆಗೆ ಕಲಿಸಿ. ಮೊದಲೇ ಕಲಿಸಿದರೆ ಹಿಂದೆ ನೋಡುವ ಅಭ್ಯಾಸವೇ ಬೆಳೆಯುವುದಿಲ್ಲ.

ಎಡಗೈ ಮಕ್ಕಳನ್ನು ಪಕ್ಕದಲ್ಲಿ ಅಲ್ಲ, ಎದುರಿಗೆ ಕೂಡಿಸಿಕೊಳ್ಳಿ. ಕನ್ನಡಿಯಲ್ಲಿ ಕಂಡಂತೆ ನಿಮ್ಮ ಕೈ ನೋಡಿ ಕಲಿಯುತ್ತಾರೆ. ತಿಂಗಳಿಗೊಂದು ಶನಿವಾರ ಊರಿನ ಕಸೂತಿ ಬಲ್ಲ ಹಿರಿಯಳೊಬ್ಬಳನ್ನು ಕರೆಸಿ. ಆಕೆಗೆ ಭಾಷಣ ಬೇಡ, ಕಿಟಕಿಯ ಬೆಳಕಿಗೆ ಒಂದು ಚಾಪೆ ಹಾಸಿಕೊಡಿ. ಬಂದದ್ದಕ್ಕೆ ಗೌರವಧನ ಕೊಡಿ, ಬರೀ ಶಾಲು ಹೊದಿಸಿ ಕಳಿಸಬೇಡಿ. ಅದು ಅರವತ್ತು ವರ್ಷ ಕಲಿತ ವಿದ್ಯೆ.

ಮೊದಲು ಪುಸ್ತಕದಲ್ಲಿಡುವ ಪಟ್ಟಿ, ಆಮೇಲೆ ಕರವಸ್ತ್ರದ ಮೂಲೆ, ವರ್ಷದ ಕೊನೆಗೆ ಪುಟ್ಟ ಚೀಲ. ಇಳಕಲ್ ಬಟ್ಟೆಯ ತುಂಡಿಗೆ ಕೈ ಹಾಕುವುದು ಮುಂದಿನ ವರ್ಷ. ಪ್ರದರ್ಶನ ಇಟ್ಟಾಗ ರಟ್ಟಿಗೆ ಅಂಟಿಸಬೇಡಿ. ಪಡಸಾಲೆಯಲ್ಲಿ ಹಗ್ಗ ಕಟ್ಟಿ ತೂಗುಹಾಕಿ, ನೋಡಲು ಬಂದ ತಾಯಿ-ತಂದೆ ಎರಡೂ ಕಡೆಯಿಂದ ಹಾಯಲಿ.