ಕನ್ನಡಿಗೆ ಬೆನ್ನು ಹಾಕಿ ಬ್ಯಾಲೆನ್ಸ್ ಕಲಿಸುವುದು

ಮುಂಬಯಿಯ ಮಾಟುಂಗ, ಡೊಂಬಿವಲಿ ಕಡೆಯ ಕನ್ನಡದ ಮನೆಗಳಿಂದ ನನ್ನ ಬ್ಯಾಲೆ ಕ್ಲಾಸಿಗೆ ಬರುವ ಹುಡುಗಿಯರಲ್ಲಿ ಹೆಚ್ಚಿನವರು ಮೊದಲೇ ಭರತನಾಟ್ಯ ಕಲಿತವರು. ಮಂಡಿ ಬಗ್ಗಿಸಿ ಅರ್ಧ ಕುಳಿತ ಅರೆಮಂಡಿಯಲ್ಲಿ ಕೈ ಹೋದಲ್ಲೆಲ್ಲ ಕಣ್ಣು ಹೋದರೂ ಅಲುಗುವುದಿಲ್ಲ. ಅವರನ್ನೇ ಹಿಮ್ಮಡಿ ಎತ್ತಿಸಿ ಒಂಟಿ ಕಾಲಿನ ರೆಟಿರೆಯಲ್ಲಿ (ಇನ್ನೊಂದು ಕಾಲಿನ ತುದಿಯನ್ನು ನಿಂತ ಕಾಲಿನ ಮಂಡಿಗೆ ತಾಗಿಸಿದ ಭಂಗಿ) ನಿಲ್ಲಿಸಿದರೆ ನೋಟ ಕನ್ನಡಿಗೆ ಅಂಟಿಕೊಳ್ಳುತ್ತದೆ. ಒಂದು ಭಂಗಿಯಲ್ಲಿ ಪಳಗಿದ ಸಮತೋಲ ಇನ್ನೊಂದಕ್ಕೆ ತಾನಾಗಿ ಬರುವುದಿಲ್ಲ.

ದೇಹ ನೆಟ್ಟಗಿದೆಯೇ ಎಂದು ಮಿದುಳಿಗೆ ತಿಳಿಸುವವು ಮೂರು: ಕಣ್ಣು, ಒಳಕಿವಿ, ಪಾದದ ಚರ್ಮ ಮತ್ತು ಕೀಲು-ಸ್ನಾಯುಗಳು. ಇವುಗಳಲ್ಲಿ ಕಣ್ಣಿನ ದಾರಿ ನಿಧಾನ. ಕನ್ನಡಿಯಲ್ಲಿ ವಾಲಿದ್ದು ಕಂಡು ತಿದ್ದಿಕೊಳ್ಳುವಷ್ಟರಲ್ಲಿ ಹಿಮ್ಮಡಿ ನೆಲಕ್ಕಿಳಿದಿರುತ್ತದೆ. ನೋಡುವ ವಸ್ತು ದೂರವಾದಷ್ಟೂ ನಮ್ಮ ಓಲಾಟ ಕಣ್ಣಿಗೆ ಕಡಿಮೆ ತಿಳಿಯುತ್ತದೆ ಎಂಬುದು ಇನ್ನೊಂದು ತೊಡಕು. ಎರಡು ಮೀಟರ್ ದೂರದ ಕನ್ನಡಿಗೆ ಒಗ್ಗಿದವರಿಗೆ ವೇದಿಕೆಯ ಮೇಲೆ ಎದುರಿಗಿರುವುದು ಕತ್ತಲೆಯ ಸಭಾಂಗಣ, ಮುಖಕ್ಕೆ ಹೊಡೆಯುವ ದೀಪ. ಹಾಗಾಗಿ ಪ್ರದರ್ಶನಕ್ಕೆ ಒಂದು ತಿಂಗಳ ಮೊದಲೇ ಕನ್ನಡಿಗೆ ಪರದೆ ಎಳೆಸುತ್ತೇನೆ.

ಕಣ್ಣಿನ ಆಸರೆ ಬಿಡಿಸಲು ಕಣ್ಣು ಮುಚ್ಚಿಸುವ ಅಭ್ಯಾಸ ವಾರಕ್ಕೆ ಮೂರು ಸಲ, ಐದೈದು ನಿಮಿಷ. ಬಾರ್ (ಆಸರೆಯ ಅಡ್ಡಕಂಬಿ) ಹಿಡಿದು ಮಾಡುವ ಅಭ್ಯಾಸ ಮುಗಿದು ಮೈ ಬೆಚ್ಚಗಾದ ಮೇಲೆ ಮಾಡಿಸಬೇಕು. ಕ್ಲಾಸಿನ ಕೊನೆಗೆ ಬೇಡ, ಆಗ ಮೀನಖಂಡ ದಣಿದಿರುತ್ತದೆ. ಮೊದಲು ಬರಿಗಾಲು, ಎರಡೂ ಪಾದ ನೆಲದ ಮೇಲೆ, 30 ಸೆಕೆಂಡು. ಆಮೇಲೆ ಒಂಟಿ ಕಾಲು, ಪೂರ್ತಿ ಪಾದ ನೆಲಕ್ಕೆ, 15 ಸೆಕೆಂಡು. ಮುಂದಿನದು ಬಾರ್ ಮೇಲೆ ಒಂದೇ ಬೆರಳಿಟ್ಟು ರೆಟಿರೆ. ಬೆರಳಿಗೆ ಭಾರ ಬೀಳಕೂಡದು. ಆ ಹಗುರ ಸ್ಪರ್ಶವೇ ಮಿದುಳಿಗೆ ಸಾಕಷ್ಟು ಸುದ್ದಿ ಕೊಡುತ್ತದೆ. ಇದು ಅಲುಗದೆ ನಿಂತರೆ ಮಾತ್ರ ಫಸ್ಟ್ ಪೊಸಿಷನ್‌ನಲ್ಲಿ (ಹಿಮ್ಮಡಿ ಜೋಡಿಸಿ ಪಾದ ಹೊರಕ್ಕೆ ತಿರುಗಿಸಿ) ಎರಡೂ ಹಿಮ್ಮಡಿ ಎತ್ತಿ ಐದು ಎಣಿಕೆ. ಒಂಟಿ ಕಾಲಿನ ರೆಲೆವೆ, ಅಂದರೆ ಹಿಮ್ಮಡಿ ಎತ್ತಿ ನಿಲ್ಲುವುದು, ಎಲ್ಲಕ್ಕಿಂತ ಕೊನೆಗೆ, ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು.

ಕಣ್ಣು ಮುಚ್ಚಿದೊಡನೆ ಬೆರಳುಗಳು ನೆಲವನ್ನು ಕಚ್ಚುತ್ತವೆ, ಉಸಿರು ಕಟ್ಟುತ್ತದೆ, ಗದ್ದ ಮೇಲೇಳುತ್ತದೆ. ಗದ್ದ ಎದ್ದರೆ ಒಳಕಿವಿ ಒಗ್ಗದ ಕೋನದಲ್ಲಿ ಕೆಲಸ ಮಾಡಬೇಕಾಗುತ್ತದೆ. ಇವೆಲ್ಲಕ್ಕಿಂತ ನನಗೆ ಭಯ ಭಾರ ಕಿರುಬೆರಳಿನ ಕಡೆ ಜಾರುವುದು; ಪಾದ ಉಳುಕುವುದು ಹೀಗೆಯೇ. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ಬುಡದ ಮೇಲೆ ಭಾರವಿರಲಿ.

ಮುಂಬಯಿಯ ಮಳೆಗಾಲದಲ್ಲಿ ನೆಲವೂ ಅಂಗಾಲೂ ಒದ್ದೆ. ಕಾಲು ಜಾರಿದ್ದನ್ನು ಬ್ಯಾಲೆನ್ಸ್ ಕೆಟ್ಟಿತೆಂದು ತಿಳಿಯಬೇಡಿ, ಮೊದಲು ನೆಲ ಒರೆಸಿ. ದಪ್ಪ ಸಾಕ್ಸ್ ಅಂಗಾಲಿನ ಅರಿವನ್ನೇ ಮಂಕಾಗಿಸುತ್ತದೆ.

ಒಳಕಿವಿಗೆ ಬೇರೆ ಅಭ್ಯಾಸ: ಕಣ್ಣು ತೆರೆದೇ ರೆಟಿರೆಯಲ್ಲಿ ತಲೆಯನ್ನು ನಾಲ್ಕು ಎಣಿಕೆಗೆ ಬಲಕ್ಕೆ, ನಾಲ್ಕಕ್ಕೆ ಎಡಕ್ಕೆ ತಿರುಗಿಸುವುದು. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2013ರಲ್ಲಿ 29 ಬ್ಯಾಲೆ ನರ್ತಕಿಯರನ್ನು 20 ದೋಣಿ ಸ್ಪರ್ಧಿಗಳೊಂದಿಗೆ ಹೋಲಿಸಿದಾಗ, ಒಳಕಿವಿಯ ಸಂಕೇತ ತಲುಪುವ ಕಿರುಮಿದುಳಿನ ಭಾಗ ನರ್ತಕಿಯರಲ್ಲಿ ಚಿಕ್ಕದಾಗಿತ್ತು. ವರ್ಷಗಳ ತಿರುಗುವಿಕೆ ತಲೆಸುತ್ತನ್ನು ತಗ್ಗಿಸುವುದು ಬರೀ ಸ್ಪಾಟಿಂಗ್‌ನಿಂದಲ್ಲ (ತಿರುಗುವಾಗ ಒಂದೇ ಬಿಂದುವಿನಲ್ಲಿ ನೋಟ ನೆಟ್ಟು ತಲೆಯನ್ನು ಥಟ್ಟನೆ ಹೊರಳಿಸುವುದು). ಹಾಗೆಂದು ಪಿರುಯೆಟ್ (ಒಂಟಿ ಕಾಲಿನ ಸುತ್ತು), ಜಿಗಿತ, ಬೆರಳ ತುದಿಯಲ್ಲಿ ನಿಲ್ಲಿಸುವ ಪಾಯಿಂಟ್ ಶೂ ಇವುಗಳಲ್ಲಿ ಕಣ್ಣು ಮುಚ್ಚಿಸಲೇಬೇಡಿ.